ಹಲಗೆಯ ಮೇಲೆ ಮೀನು, ತಾರಸಿಯ ಮೇಲೆ ನಾವು

ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ಏನೇನಿರುತ್ತದೆ ಎಂಬುದು ನಮ್ಮ ದಿಲ್‌ಸುಖ್‌ನಗರದಲ್ಲಿ ಯಾರಿಗೆ ಗೊತ್ತಿಲ್ಲ? ಚಾಕಲೇಟು, ಬಾದಾಮಿ, ಸೆಂಟಿನ ಬಾಟಲಿ, ಮಕ್ಕಳಿಗೊಂದೊಂದು ಟೀ ಶರ್ಟು. ಆದರೆ ಹೋದ ಡಿಸೆಂಬರಿನಲ್ಲಿ ಸಿಯಾಟಲ್‌ನಿಂದ ಬಂದ ನಮ್ಮ ಭಾವನವರ ಮಗ ಸೂಟ್‌ಕೇಸು ತೆರೆದು ಮೊದಲು ಹೊರಗೆ ತೆಗೆದದ್ದು ಮೂರು ಮರದ ಹಲಗೆ! ಒಂದೊಂದೂ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು, ಬೆರಳಿನಷ್ಟು ದಪ್ಪ. ಕೆಂಪು ಕಂದು ಬಣ್ಣ, ಮೂಗಿನ ಹತ್ತಿರ ಹಿಡಿದರೆ ಹೊಸ ಪೆನ್ಸಿಲ್ ಚೂಪು ಮಾಡಿದ ವಾಸನೆ.

ನಮ್ಮ ಅತ್ತೆಯವರು ಕನ್ನಡಕ ಸರಿ ಮಾಡಿಕೊಂಡು ಒಂದನ್ನು ತಿರುಗಿಸಿ ನೋಡಿದರು. "ಎಂತ ಮಗಾ ಇದ್? ಮಣೆಯಾ? ಕಾಲೇ ಇಲ್ಲ!"

"ಅಲ್ಲ ಅಜ್ಜಿ, ಇದರ ಮೇಲೆ ಮೀನು ಸುಡೋದು."

"ಮೀನ್ ಸುಡುಕೆ ಅಮೆರಿಕದಿಂದ ಕಟ್ಟಿಗೆ ತಂದ್ಯಾ?" ಎಂದು ಅವರು ನಕ್ಕದ್ದು ಪಕ್ಕದ ಫ್ಲ್ಯಾಟಿಗೂ ಕೇಳಿಸಿರಬೇಕು.

ಯುವ ಓದುಗರೇ, "ನಮಗೂ ಓದುವ ಹಾಗೆ ಏನಾದರೂ ಬರೆಯಿರಿ ಆಂಟಿ, ಯಾವಾಗಲೂ ಹಳೆ ಕಾಲದ್ದೇ ಆಯಿತು" ಎಂದು ನಿಮ್ಮಲ್ಲೇ ಕೆಲವರು ಕಳೆದ ರಾಜ್ಯೋತ್ಸವದ ದಿನ ನನಗೆ ಹೇಳಿದ್ದಿರಿ. ಆ ಮಾತು ಮನಸ್ಸಿನಲ್ಲಿತ್ತು. ಆದ್ದರಿಂದ ಈ ಸಲ ಹಲಗೆಯ ಮೇಲೆ ಸಾಲ್ಮನ್ ಸುಡುವ ಬಗ್ಗೆಯೇ ಬರೆಯುತ್ತೇನೆ. ಸಂಘದ ಪತ್ರಿಕೆಯಲ್ಲಿ ಮೀನೇ ಎಂದು ಹುಬ್ಬೇರಿಸುವ ಹಿರಿಯರಿಗೆ ಒಂದು ಮಾತು: ನಾನೂ ರಾಯಚೂರಿನ ಶುದ್ಧ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ ಬೆಳೆದವಳು. ಬ್ಯಾಂಕಿನ ಕೆಲಸ ಹೈದರಾಬಾದಿಗೆ ಕರೆತಂದಿತು, ಅದೇ ಬ್ಯಾಂಕು ಕುಂದಾಪುರದ ಕಡೆಯ ಗಂಡನನ್ನೂ ಕೊಟ್ಟಿತು. ನಿಮಗೂ ಕೊನೆಯಲ್ಲಿ ಏನಾದರೂ ಇಟ್ಟಿದ್ದೇನೆ, ಸ್ವಲ್ಪ ತಾಳ್ಮೆಯಿರಲಿ.

ಮೊದಲು ಸಾಲ್ಮನ್ ಎಂದರೇನು ಎಂದು ತಿಳಿಯೋಣ. ಇದು ನಮ್ಮ ಕಡಲಿನ ಮೀನಲ್ಲ, ಉತ್ತರದ ತಣ್ಣನೆಯ ಸಮುದ್ರಗಳದ್ದು. ಸಿಹಿನೀರಿನ ಹೊಳೆಯಲ್ಲಿ ಮೊಟ್ಟೆಯೊಡೆದು ಹುಟ್ಟುತ್ತದೆ, ಸಮುದ್ರಕ್ಕಿಳಿದು ವರ್ಷಗಟ್ಟಲೆ ಅಲ್ಲೇ ಬೆಳೆಯುತ್ತದೆ, ಮೊಟ್ಟೆ ಇಡುವ ಕಾಲಕ್ಕೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಪ್ರವಾಹಕ್ಕೆದುರಾಗಿ ಈಜಿ ಬರುತ್ತದೆ. (ಇದನ್ನು ಹಿಡಿದುಕೊಂಡು ಹೊರನಾಡ ಕನ್ನಡದ ಮಕ್ಕಳಿಗೆ ಒಂದು ಭಾಷಣ ಬಿಗಿಯಬಹುದಿತ್ತು. ಹೆದರಬೇಡಿ, ಬಿಗಿಯುವುದಿಲ್ಲ.) ಅದರ ಮಾಂಸದ ಕಿತ್ತಳೆ ಬಣ್ಣ ಅದು ತಿನ್ನುವ ಸೀಗಡಿಯಂಥ ಸಣ್ಣ ಜೀವಿಗಳಿಂದ ಬಂದದ್ದು. ಆ ಬಣ್ಣದ ವಸ್ತುವಿಗೆ ಆಸ್ಟಕ್ಸಾಂಥಿನ್ ಎಂದು ಹೆಸರು. ಸಾಕಣೆಯ ಸಾಲ್ಮನ್‌ಗೆ ಇದನ್ನು ಮೇವಿನಲ್ಲೇ ಬೆರೆಸಿ ಕೊಡುತ್ತಾರೆ. ನಮ್ಮ ದೊಡ್ಡ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ನಾರ್ವೆಯ ಇಂಥ ಸಾಕಣೆಯ ಮೀನೇ. ಇನ್ನು ಮೀನಂಗಡಿಯವರು 'ಇಂಡಿಯನ್ ಸಾಲ್ಮನ್' ಎಂದು ಮಾರುವ ರಾವಸ್ ಇದೆಯಲ್ಲ, ಅದು ಸಾಲ್ಮನ್ನಿನ ದೂರದ ನೆಂಟನೂ ಅಲ್ಲ. ಒಳ್ಳೆಯ ಮೀನೇ, ಆದರೆ ಜಾತಿ ಬೇರೆ, ಹೆಸರು ಮಾತ್ರ ಎರವಲು.

ಹಲಗೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ, ಅದರ ಕೆಳಗಿನ ಆರೆಗಾನ್, ಮೇಲಿನ ಬ್ರಿಟಿಷ್ ಕೊಲಂಬಿಯಾ — ಈ ಕರಾವಳಿಯ ಮೂಲನಿವಾಸಿಗಳು ತಲೆತಲಾಂತರದಿಂದ ಸಾಲ್ಮನ್ನನ್ನು ಬಿಡಿಸಿ, ಸೀಳಿದ ಸೀಡರ್ ಕಡ್ಡಿಗಳ ನಡುವೆ ಸಿಕ್ಕಿಸಿ, ಬೆಂಕಿಯ ಪಕ್ಕದಲ್ಲಿ ನೆಲಕ್ಕೆ ಊರಿ ಬೇಯಿಸುತ್ತಿದ್ದರು. ಈಗಲೂ ಹಬ್ಬಗಳಲ್ಲಿ ಹಾಗೆ ಮಾಡುತ್ತಾರೆ. ಫಿನ್ಲೆಂಡಿನವರದು ಮತ್ತೊಂದು ರೀತಿ: ಮೀನನ್ನು ಹಲಗೆಗೆ ಮರದ ಗೂಟಗಳಿಂದ ಬಡಿದು, ಹಲಗೆಯನ್ನೇ ಉರಿಯ ಎದುರು ಓರೆಯಾಗಿ ನಿಲ್ಲಿಸುತ್ತಾರೆ. ಈಗ ಅಮೆರಿಕದ ಮನೆಮನೆಯ ಹಿತ್ತಿಲಿನಲ್ಲಿ ಗ್ರಿಲ್‌ನ ಮೇಲಿಡುವ ಹಲಗೆ ಇವುಗಳದ್ದೇ ಮೊಮ್ಮಗು ಎನ್ನಬಹುದು.

ನಮ್ಮ ಹುಡುಗ ಇನ್ನೊಂದು ವಿಷಯ ಹೇಳಿದ, ಅದು ನನಗೆ ಗೊತ್ತಿರಲಿಲ್ಲ. 1850ರ ದಶಕದಲ್ಲಿ ಈ ಜನ ತಮ್ಮ ನೆಲವನ್ನು ಸರಕಾರಕ್ಕೆ ಬಿಟ್ಟುಕೊಟ್ಟಾಗ, ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕು ತಮ್ಮಲ್ಲೇ ಇರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರಂತೆ. ಆಮೇಲೆ ಆ ಹಕ್ಕನ್ನು ಲೆಕ್ಕಕ್ಕಿಡದೆ ಮೀನು ಹಿಡಿದವರನ್ನೇ ಜೈಲಿಗೆ ಹಾಕಿದರು. ಕೊನೆಗೆ 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದೆಂದು ಸಾರಿತು. ಒಂದು ತುತ್ತು ಮೀನಿಗೆ ಎಷ್ಟು ದೊಡ್ಡ ಹೋರಾಟ ನೋಡಿ!

ನಮ್ಮ ಮನೆಯಲ್ಲೂ ಮೀನಿನ ಒಂದು ಕಥೆಯಿದೆ. ಅದನ್ನು ಹೇಳದೆ ಮುಂದೆ ಹೋದರೆ ಈ ಲೇಖನ ಬರೆದದ್ದಕ್ಕೆ ಅರ್ಥವಿಲ್ಲ.

ನನ್ನ ಮಗಳು ಆರನೆಯ ತರಗತಿಯಲ್ಲಿದ್ದಾಗ ಅತ್ತೆಯವರು ಒಂದು ದಿನ ಅವಳ ಡಬ್ಬಿಗೆ ಹುರಿದ ಬಂಗುಡೆ ಹಾಕಿ ಕಳಿಸಿದರು. ಮಧ್ಯಾಹ್ನ ಡಬ್ಬಿ ತೆರೆದ ಕೂಡಲೇ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡು ಎದ್ದು ಹೋದರಂತೆ. ಟೀಚರೂ ನಾಳೆಯಿಂದ ಇಂಥದ್ದು ತರಬೇಡ ಎಂದರಂತೆ. ಸಂಜೆ ಬಂದವಳೇ ಡಬ್ಬಿಯನ್ನು ಸಿಂಕಿಗೆ ಎಸೆದು, "ಇನ್ನು ಮೇಲೆ ನಾನು ಮೀನು ತಿನ್ನೋದಿಲ್ಲ" ಎಂದಳು. ಮಕ್ಕಳ ಮಾತು, ನಾಲ್ಕು ದಿನಕ್ಕೆ ಮರೆಯುತ್ತದೆ ಎಂದುಕೊಂಡೆವು. ಮರೆಯಲಿಲ್ಲ.

ಆಗ ನಾನು ಮಾಡಿದ್ದೂ ಸರಿಯಲ್ಲ. ಅತ್ತೆಯವರ ಹತ್ತಿರ ಹೋಗಿ, "ಮಗುವಿಗೆ ಬೇಜಾರಾಗಿದೆ, ಮನೆಯೆಲ್ಲ ವಾಸನೆ ಬರುತ್ತೆ, ಕೆಲವು ದಿನ ಮೀನು ಬೇಡ ಅತ್ತೆ" ಎಂದೆ. ಮಗಳ ನೆಪದಲ್ಲಿ ನನ್ನ ರಾಯಚೂರಿನ ಮೂಗು ಮಾತಾಡಿತ್ತು. ಅವರು "ಆಯ್ತ್" ಎಂದರು, ಅಷ್ಟೇ. ಆ ಕೆಲವು ದಿನ ಎಂಟು ವರ್ಷವಾಯಿತು. ಊರಿಗೆ ಹೋದಾಗ ಮಾತ್ರ ತಿಂದು ಬರುತ್ತಿದ್ದರು. ನಮ್ಮವರೂ ಹೊರಗೆ ಎಲ್ಲಾದರೂ ತಿಂದು ಸುಮ್ಮನಾಗುತ್ತಿದ್ದರು. ಮೀನು ಕತ್ತರಿಸುವ ಅವರ ಮೆಟ್ಟುಗತ್ತಿ ಅಟ್ಟ ಸೇರಿತು.

ಇಂಥ ಮನೆಗೆ ಈ ಹುಡುಗ ಹಲಗೆ ತಂದದ್ದು. ಈಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ನನ್ನ ಮಗಳು ಅದನ್ನು ಕಂಡು ಕುಣಿದಾಡಿದಳು. "ಪ್ಲ್ಯಾಂಕ್ಡ್ ಸಾಲ್ಮನ್! ತಾರಸಿ ಮೇಲೆ ಮಾಡೋಣ ಅಣ್ಣಾ!" ಬಂಗುಡೆಗೆ ಮೂಗು ಮುರಿದವಳು ಸಾಲ್ಮನ್ ಎಂದರೆ ಬಾಯಿ ಬಿಡುತ್ತಾಳಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು. ಅತ್ತೆಯವರ ಮುಖ ನೋಡಿದೆ, ಅಲ್ಲಿ ಸಿಟ್ಟಿರಲಿಲ್ಲ, ಕುತೂಹಲವಿತ್ತು.

ಅಣ್ಣ ತಂಗಿ ಇಬ್ಬರೂ ಬಂಜಾರಾ ಹಿಲ್ಸ್‌ಗೆ ಹೋಗಿ ಒಂದು ಕಿಲೋ ಸಾಲ್ಮನ್ ತಂದರು. ಬೆಲೆ ಬರೆಯುವುದಿಲ್ಲ, ನಮ್ಮವರೂ ಈ ಪತ್ರಿಕೆ ಓದುತ್ತಾರೆ. ಮಂಜುಗಡ್ಡೆಯ ಚೀಲ ಹಿಡಿದು ಖೈರತಾಬಾದಿನಿಂದ ದಿಲ್‌ಸುಖ್‌ನಗರದವರೆಗೆ ಮೆಟ್ರೋದಲ್ಲೇ ಬಂದರು. ಹುಡುಗ ಒಳಗೆ ಬರುತ್ತಲೇ, "ಚಿಕ್ಕಮ್ಮಾ, ವಾಚ್‌ಮನ್ ಹತ್ತಿರ ಸಿಗಡಿ ಇದೆಯಂತೆ, ತರಲಾ?" ಎಂದ. ಅತ್ತೆಯವರು, "ಸೀಗಡಿಯಾ? ತಾಜಾ ಇತ್ತಾ?" ಎಂದು ಎದ್ದೇ ಬಿಟ್ಟರು. ಹೈದರಾಬಾದಿನಲ್ಲಿ ಸಿಗಡಿ ಎಂದರೆ ಇದ್ದಿಲ ಒಲೆ, ತಿನ್ನುವ ಸೀಗಡಿಯಲ್ಲ ಎಂದು ತಿಳಿಸುವಷ್ಟರಲ್ಲಿ ಎಲ್ಲರಿಗೂ ನಗು.

ಮೊದಲ ಸಲ ಕೆಟ್ಟಿತು ಎಂದೇ ಹೇಳಬೇಕು. ಹಲಗೆಯನ್ನು ನೀರಿನಲ್ಲಿ ನೆನೆಸಬೇಕು ಎಂದು ಹುಡುಗನಿಗೆ ಗೊತ್ತಿತ್ತು, ಆದರೆ ಹಸಿವು ಕೇಳಬೇಕಲ್ಲ! ಹತ್ತೇ ನಿಮಿಷ ಬಕೆಟ್ಟಿನಲ್ಲಿ ಅದ್ದಿ ಕೆಂಡದ ಮೇಲೆ ಇಟ್ಟ. ಐದು ನಿಮಿಷಕ್ಕೆ ಹಲಗೆಯ ಅಂಚು ಭಗ್ ಎಂದು ಹತ್ತಿಕೊಂಡಿತು. ನೀರು ಸುರಿದರೆ ಬೂದಿಯೆಲ್ಲ ಎದ್ದು ಮೀನಿನ ಮೇಲೆ. ಮೇಲಿನ ಮಹಡಿಯವರು "ಏಮಯಿಂದಿ?" ಎಂದು ಓಡಿ ಬಂದರು. ಅಷ್ಟು ದೂರದಿಂದ ಬಂದ ಹಲಗೆ ಕಟ್ಟಿಗೆಯಾಗಿಯೇ ಉರಿದುಹೋಯಿತು, ಅತ್ತೆಯವರ ಮಾತೇ ನಿಜವಾಯಿತು. ಪುಣ್ಯಕ್ಕೆ ಅರ್ಧ ಮೀನು ಫ್ರಿಜ್ಜಿನಲ್ಲೇ ಇತ್ತು.

ಮರುದಿನ ಸಾವಕಾಶವಾಗಿ ಮಾಡಿದೆವು. ಇನ್ನು ಹೇಳುವುದನ್ನು ಗಮನವಿಟ್ಟು ಓದಿ, ಏಕೆಂದರೆ ಇದರಲ್ಲಿ ಮಂತ್ರವೇನೂ ಇಲ್ಲ, ಇರುವುದೆಲ್ಲ ನೀರು ಮತ್ತು ಕಾಯುವಿಕೆ.

ಹಲಗೆಯನ್ನು ಪೂರ್ತಿ ಮುಳುಗುವಂತೆ ಕನಿಷ್ಠ ಎರಡು ಗಂಟೆ ನೆನೆಸಬೇಕು. ಮರ ತೇಲುತ್ತದೆ, ಮೇಲೊಂದು ರುಬ್ಬುಗುಂಡೋ ನೀರು ತುಂಬಿದ ಚೆಂಬೋ ಇಡಿ. ಹೀಗೇಕೆ? ಮರದೊಳಗೆ ನೀರಿರುವವರೆಗೆ ಅದರ ಬಿಸಿ ನೂರು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಂಡದ ಕಡೆಯ ಮೈ ಮಾತ್ರ ಒಣಗಿ, ಕರಿಕಾಗಿ, ಉರಿಯದೆ ಹೊಗೆಯಾಡುತ್ತದೆ. ಮೇಲಿನ ಮೈಯಿಂದ ಆವಿ ಏಳುತ್ತದೆ. ಮೀನು ಕೆಳಗಿನಿಂದ ಈ ಹದವಾದ ಬಿಸಿಯಲ್ಲಿ, ಸುತ್ತಲಿಂದ ಹೊಗೆಯಲ್ಲಿ ಬೇಯುತ್ತದೆ. ಮರದಲ್ಲಿ ಲಿಗ್ನಿನ್ ಎಂಬ ಪದಾರ್ಥವಿದೆ. ಅದು ಬಿಸಿಗೆ ಒಡೆದಾಗ ಹುಟ್ಟುವ ಸಂಯುಕ್ತಗಳೇ ಹೊಗೆಯ ಆ ಘಮಕ್ಕೆ ಮುಖ್ಯ ಕಾರಣ. ಮೀನು ಕಬ್ಬಿಣಕ್ಕೆ ತಾಗುವುದೇ ಇಲ್ಲ, ಆದ್ದರಿಂದ ಅಂಟುವುದಿಲ್ಲ. ತಿರುವಿಹಾಕುವ ಕೆಲಸವೂ ಇಲ್ಲ. ಹೊಸದಾಗಿ ಅಡಿಗೆ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ, ಏಕೆಂದರೆ ಮೀನು ಮುರಿಯುವುದು ತಿರುವುವಾಗಲೇ.

ಮೀನಿಗೆ ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ, ಒಂದಿಷ್ಟು ಬೆಲ್ಲ ಸವರಿ ಕಾಲು ಗಂಟೆ ಬಿಟ್ಟೆವು. ಅಲ್ಲಿ ಕಂದು ಸಕ್ಕರೆ ಹಾಕುತ್ತಾರಂತೆ, ನಮ್ಮಲ್ಲಿ ಬೆಲ್ಲವಿರುವಾಗ ಅದೇಕೆ? ಕೆಂಡ ಬೂದಿ ಮುಚ್ಚಿಕೊಳ್ಳುವವರೆಗೆ ಕಾದೆವು, ಉರಿಯ ಮೇಲೆ ಎಂದೂ ಇಡಬಾರದು. ಬರೀ ಹಲಗೆಯನ್ನು ಮೂರು ನಿಮಿಷ ಬಿಸಿ ಮಾಡಿ, ಅದು ಚಟಪಟ ಎನ್ನತೊಡಗಿದಾಗ ಮೀನನ್ನು ಚರ್ಮ ಕೆಳಗೆ ಬರುವಂತೆ ಮಲಗಿಸಿದೆವು. ಮೇಲೆ ಹಳೆಯ ಅಲ್ಯೂಮಿನಿಯಂ ಬೋಗುಣಿ ಮಗುಚಿ ಮುಚ್ಚಿದೆವು. ಹೊಗೆ ಒಳಗೇ ನಿಲ್ಲಬೇಕು, ಇಲ್ಲದಿದ್ದರೆ ಹಲಗೆ ಬರೀ ತಟ್ಟೆ. ಒಂದು ಅಂಗುಲ ದಪ್ಪದ ತುಂಡಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಪಕ್ಕದಲ್ಲಿ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಇಟ್ಟುಕೊಂಡು, ಅಂಚಿನಲ್ಲಿ ಕಿಡಿ ಕಂಡ ಕೂಡಲೇ ಪುಸ್ ಎನಿಸಬೇಕು. ಚಮಚದಿಂದ ಒತ್ತಿದರೆ ಮಾಂಸ ಪದರ ಪದರವಾಗಿ ಬಿಟ್ಟುಕೊಂಡರೆ ಆಯಿತೆಂದು ತಿಳಿಯಿರಿ. ಅಡಿಗೆಯ ಥರ್ಮಾಮೀಟರ್ ಇದ್ದವರು ಒಳಗೆ 63 ಡಿಗ್ರಿ ಸೆಲ್ಸಿಯಸ್ ಬಂತೇ ಎಂದು ನೋಡಬಹುದು. ಮೀನಿನ ಮೈಮೇಲೆ ಬಿಳಿ ಮೊಸರಿನಂಥದ್ದು ತುಂಬ ಉಕ್ಕಿದರೆ ಬಿಸಿ ಹೆಚ್ಚಾಯಿತೆಂದು ಅರ್ಥ. ಅದು ಮೀನಿನ ಪ್ರೋಟೀನು, ತಿನ್ನಲು ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ.

ಬೋಗುಣಿ ತೆಗೆದಾಗ ಬಂದ ಘಮವನ್ನು ಹೇಗೆ ಬರೆಯಲಿ? ನನ್ನ ರಾಯಚೂರಿನ ಮೂಗೂ ಸೋತಿತು. ಮಗಳು ಎಂಟು ವರ್ಷದ ನಂತರ ಮೀನು ಬಾಯಿಗಿಟ್ಟಳು. ಒಂದು ತುಂಡು, ಎರಡು, ಮೂರು. ನಾನು ಆಕಾಶ ನೋಡುತ್ತಿದ್ದವಳ ಹಾಗೆ ನಟಿಸಿದೆ.

ಅತ್ತೆಯವರು ನಿಧಾನವಾಗಿ ಅಗಿದು, "ಮೀನ್ ಒಳ್ಳೆದಿತ್ತ್. ಖಾರ ಹುಳಿ ಎಂತದೂ ಇಲ್ಲ" ಎಂದು ತೀರ್ಪು ಕೊಟ್ಟರು. ಮತ್ತೆ ಹಲಗೆಯ ಕರಿಕಾದ ಬೆನ್ನನ್ನು ಬೆರಳಿನಿಂದ ಸವರಿ, "ಇದ್ ನಮ್ಮ ಬಾಳೆಎಲೆ ಕೆಲ್ಸವೇ ಅಲ್ದಾ?" ಎಂದರು.

ನಮಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ, ಮಳೆಗಾಲದಲ್ಲಿ ಒಲೆಯ ಮುಂದೆ ಎಲ್ಲರೂ ಕುಳಿತಿರುವಾಗ, ಮಸಾಲೆ ಸವರಿದ ಮೀನನ್ನು ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ, ತೆಂಗಿನ ಗೆರಟೆಯ ಕೆಂಡದಲ್ಲಿ ಹೂಳುತ್ತಿದ್ದರಂತೆ. ಎಲೆಯ ಹೊರಪದರ ಸುಟ್ಟು ಕರಿಯಾಗುತ್ತದೆ, ಒಳಪದರದ ನೀರು ಆವಿಯಾಗಿ ಮೀನನ್ನು ಬೇಯಿಸುತ್ತದೆ. ಹೊರಗೆ ಸುಡುವುದು, ಒಳಗೆ ಬೇಯುವುದು. ಸರಿಯಾಗಿ ಹಲಗೆಯ ತತ್ತ್ವವೇ! ಇಂಜಿನಿಯರಿಂಗ್ ಓದುವ ಮೊಮ್ಮಗಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

ಯೋಚಿಸಿದರೆ ಇದು ಎಲ್ಲ ಕಡೆಯೂ ಇದೆ. ಪಾರ್ಸಿಗಳ ಪತ್ರಾನಿ ಮಚ್ಛಿ, ಕೇರಳದ ಕರಿಮೀನ್ ಪೊಳ್ಳಿಚ್ಚದು, ಬಂಗಾಳದ ಪಾತುರಿ, ಎಲ್ಲವೂ ಎಲೆಯೊಳಗಿನ ಮೀನೇ. ಮೀನು ಬೇಡವೆಂದರೆ ನಮ್ಮ ಕರಾವಳಿಯ ಕೊಟ್ಟೆಕಡುಬು ತೆಗೆದುಕೊಳ್ಳಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಹಿಟ್ಟಿಗೂ ಇಡ್ಲಿ ತಟ್ಟೆಯಲ್ಲಿ ಬೆಂದ ಹಿಟ್ಟಿಗೂ ಇರುವ ವ್ಯತ್ಯಾಸ ತಿಂದವರಿಗೇ ಗೊತ್ತು. ನಮ್ಮ ಹೈದರಾಬಾದಿನವರು ಮರದ ಬದಲು ಕಲ್ಲನ್ನೇ ಹಿಡಿದರು. ಪತ್ಥರ್ ಕಾ ಗೋಷ್ತ್ ಎಂದರೆ ಕೆಂಡದ ಮೇಲೆ ಕಾದ ಗ್ರಾನೈಟ್ ಚಪ್ಪಡಿಯ ಮೇಲೆ ಬೇಯಿಸಿದ ಮಾಂಸ. ಆರನೆಯ ನಿಜಾಮರು ಬೇಟೆಗೆ ಹೋದಾಗ ಹುಟ್ಟಿದ್ದು ಎಂಬ ಕಥೆಯೂ ಅದಕ್ಕಿದೆ. ಕಲ್ಲು ಹೊಗೆ ಕೊಡುವುದಿಲ್ಲ, ಆದರೆ ಬಿಸಿಯನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಮರ ಬಿಸಿಯನ್ನು ತಡೆಯುತ್ತದೆ, ಬದಲಿಗೆ ತನ್ನ ಪರಿಮಳ ಕೊಡುತ್ತದೆ.

ಹುಡುಗ ಮೂರನೆಯ ಹಲಗೆಯನ್ನೂ ನಮಗೇ ಬಿಟ್ಟು ಜನವರಿಯಲ್ಲಿ ವಾಪಸ್ ಹೋದ. ಅದೂ ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು. ಒಂದು ಹಲಗೆ ಹೆಚ್ಚೆಂದರೆ ಎರಡು ಸಲ ಬರುತ್ತದೆ. ಮಗಳು ಇನ್ನೊಂದು ಹಲಗೆ ಹುಡುಕಲು ಹೊರಟಳು. ತಾರಸಿಯ ಮೇಲೆ ತುಳಸಿ ಕುಂಡಗಳ ಕೆಳಗೆ ಹಳೆಯ ಹಣ್ಣಿನ ಪೆಟ್ಟಿಗೆಗಳಿದ್ದವು. ಕೊತ್ತಪೇಟೆಯ ಹಣ್ಣಿನ ಮಾರುಕಟ್ಟೆ ಬಾಟಸಿಂಗಾರಕ್ಕೆ ಹೋಗುವ ಮೊದಲು ಇಂಥವು ಬೀದಿಯಲ್ಲೇ ಸಿಗುತ್ತಿದ್ದವು. "ಇದನ್ನೇ ಬಿಚ್ಚಿದರೆ?" ಎಂದಳು. ಬೇಡ ಎಂದೆ. ಅದು ಯಾವ ಮರವೋ, ಯಾವ ಔಷಧ ಹೊಡೆದಿದ್ದಾರೋ, ಮೊಳೆ ಬೇರೆ. ಪ್ಲೈವುಡ್ಡಿನಲ್ಲಿ ಅಂಟು, ಹಳೆಯ ಬಾಗಿಲಿನಲ್ಲಿ ಬಣ್ಣ. ಇವು ಯಾವುವೂ ಮೀನಿನ ಕೆಳಗೆ ಬರಬಾರದು. ಪೈನ್ ಮರದ ಗೋಂದು ಸುಟ್ಟರೆ ಘಾಟು. ಬೇವು ಬೇಡವೆಂದು ಹೇಳಬೇಕಾಗಿಲ್ಲ. ಹಿಮಾಲಯದ ದೇವದಾರು ನಿಜವಾದ ಸೀಡರ್ ಜಾತಿಗೆ ಸೇರಿದ್ದು. ತಮಾಷೆಯೆಂದರೆ ಸಿಯಾಟಲ್ಲಿನ 'ಸೀಡರ್' ಆ ಜಾತಿಯದೇ ಅಲ್ಲ, ರಾವಸ್ಸಿನ ಹಾಗೆ ಅದಕ್ಕೂ ಎರವಲು ಹೆಸರು! ಆದರೆ ದೇವದಾರಿನ ಎಣ್ಣೆಯ ವಾಸನೆ ಬಲು ಜೋರು, ನಾನಂತೂ ಅಡಿಗೆಗೆ ಬಳಸಲಾರೆ.

ಉತ್ತರ ಸಿಕ್ಕಿದ್ದು ರಾಮ್‌ನಗರದ ಮೀನು ಮಾರುಕಟ್ಟೆಯಲ್ಲಿ. ಅತ್ತೆಯವರನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. (ಇಷ್ಟು ವರ್ಷ ಹೈದರಾಬಾದಿನಲ್ಲಿದ್ದು ಮೊದಲ ಸಲ! ಬರೆಯಲು ನಾಚಿಕೆಯಾಗುತ್ತದೆ.) ಅವರು ಮೀನಿನ ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ, ಬಾರದ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರೆ ಮೊಮ್ಮಗಳು ಮೀನು ಕೊಚ್ಚುವ ಕೊರಡನ್ನೇ ನೋಡುತ್ತಿದ್ದಳು. "ಇದು ಯಾವ ಮರ?" ಎಂದು ಕೇಳಿದಳು. "ಚಿಂತ ಚೆಟ್ಟು" ಎಂದ ಹುಡುಗ. ಹುಣಸೆ! ಮಾಂಸದಂಗಡಿಯ ಕೊರಡೂ ಹೆಚ್ಚಾಗಿ ಹುಣಸೆಯದೇ. ಗಟ್ಟಿ, ಬೇಗ ಸಿಬಿರೇಳುವುದಿಲ್ಲ, ಆಹಾರಕ್ಕೆ ತಾಗಿ ತಾಗಿ ಪರೀಕ್ಷೆಯಾದ ಮರ. ಮಲಕ್‌ಪೇಟೆಯ ಕಡೆಯ ಒಂದು ಕಟ್ಟಿಗೆ ಡಿಪೋದಲ್ಲಿ ಹುಣಸೆಯ ತುಂಡೊಂದನ್ನು ಆರಿಸಿ ಅರ್ಧ ಅಂಗುಲದ ನಾಲ್ಕು ಹಲಗೆ ಸೀಳಿಸಿದೆವು. ಯಾತಕ್ಕೆಂದು ಕೇಳಿದ ಮಾಲೀಕರಿಗೆ ಹೇಳಿದೆವು. ಅವರು ಗಂಭೀರವಾಗಿ, "ಚೇಪಕು ಮಂಚಮಾ ಸಾರ್?" ಎಂದರು. ಮೀನಿಗೆ ಮಂಚವೇ! ಆ ಹೆಸರೇ ನಮ್ಮ ಮನೆಯಲ್ಲಿ ನಿಂತಿತು.

ಹುಣಸೆ ಹಲಗೆಯ ಗುಣದೋಷ ಎರಡನ್ನೂ ಹೇಳಿಬಿಡುತ್ತೇನೆ. ಮರ ಗಟ್ಟಿಯಾದ್ದರಿಂದ ನೀರು ಬೇಗ ಕುಡಿಯುವುದಿಲ್ಲ, ರಾತ್ರಿಯಿಡೀ ನೆನೆಯಬೇಕು. ಸೀಡರಿನಷ್ಟು ಘಮವಿಲ್ಲ, ತೆಳುವಾದ ಹೊಗೆ. ಒಂದು ಹಲಗೆ ಮಧ್ಯದಲ್ಲಿ ಸೀಳು ಬಿಟ್ಟಿತು. ಆದರೆ ಬೆಂಕಿ ಹತ್ತುವುದು ಕಡಿಮೆ, ಮೂರು ನಾಲ್ಕು ಸಲ ಬಳಸಬಹುದು, ಬೆಲೆ ಸಾಲ್ಮನ್ನಿನ ಒಂದು ತುಂಡಿಗಿಂತ ಅಗ್ಗ.

ಇನ್ನು ಮೀನು. ಸಾಲ್ಮನ್ ಹಲಗೆಗೆ ಒಗ್ಗುವುದು ಅದರ ಕೊಬ್ಬಿನಿಂದ, ಎಷ್ಟು ಕಾಯಿಸಿದರೂ ಬೇಗ ಒಣಗುವುದಿಲ್ಲ. ನಮ್ಮ ಮಾರುಕಟ್ಟೆಯ ರೋಹು, ಕಾಟ್ಲಾಗಳಲ್ಲಿ ಮಾಂಸದೊಳಗೆಲ್ಲ ಕೂದಲಿನಂಥ ಕವಲು ಮುಳ್ಳು, ಹಲಗೆಗೆ ತಕ್ಕವಲ್ಲ, ಸಾರಿಗೇ ಸರಿ. ತೆಲಂಗಾಣದ ರಾಜ್ಯ ಮೀನಾದ ಕೊರಮೀನಿಗೆ ಮುಳ್ಳು ಕಡಿಮೆ, ಜೀವಂತವಾಗಿಯೇ ಸಿಗುತ್ತದೆ, ಆದರೆ ಕೊಬ್ಬಿಲ್ಲ. ಎಣ್ಣೆ ಧಾರಾಳವಾಗಿ ಸವರದಿದ್ದರೆ ಹತ್ತಿಯಂತಾಗುತ್ತದೆ. ಬಂಗುಡೆಯಲ್ಲಿ ಕೊಬ್ಬಿದೆ, ಅಗ್ಗ ಕೂಡ. ಇಲ್ಲಿಯವರು ವಂಜರಂ ಎನ್ನುವ ನಮ್ಮ ಅಂಜಲ್ ನಡುವಿನದು, ತುಂಡು ದಪ್ಪಗಿದ್ದರೆ ಬಹಳ ಚೆನ್ನಾಗಿ ಬರುತ್ತದೆ. ನಾವು ಅವತ್ತು ತಂದದ್ದು ವಂಜರಂ ಮತ್ತು ಅತ್ತೆಯವರ ಹಟಕ್ಕೆ ನಾಲ್ಕು ಬಂಗುಡೆ.

ಆ ಭಾನುವಾರ ಅತ್ತೆಯವರೇ ಹೇಳಿದ್ದು, ಮೊಮ್ಮಗಳು ಮಾಡಿದ್ದು. ಅಟ್ಟದಿಂದ ಮೆಟ್ಟುಗತ್ತಿ ಇಳಿಯಿತು. ಅರ್ಧ ಕಿಲೋ ಮೀನಿಗೆ ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಕಾಳುಮೆಣಸು, ಆರು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು. ನೀರು ಹೆಚ್ಚು ಹಾಕದೆ ನುಣ್ಣಗೆ ರುಬ್ಬಿ, ತೆಂಗಿನೆಣ್ಣೆ ಒಂದು ಚಮಚ ಬೆರೆಸಿ ಮೀನಿಗೆ ಹಚ್ಚಿ ಅರ್ಧ ಗಂಟೆ. ಈ ಅಳತೆ ಮಗಳದ್ದು. ಅತ್ತೆಯವರು "ಇಷ್ಟ್ ಸಾಕ್" ಎಂದು ಕೈ ನಿಲ್ಲಿಸಿದಲ್ಲೆಲ್ಲ ಅವಳು ಚಮಚಕ್ಕೆ ಸುರಿದು ಲೆಕ್ಕ ಹಾಕಿ ತನ್ನ ಕಾಲೇಜಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಬಾಳೆಎಲೆಯನ್ನು ಗ್ಯಾಸಿನ ಉರಿಯ ಮೇಲೆ ಆಡಿಸಿ ಬಾಡಿಸಿ ಹಲಗೆಯ ಮೇಲೆ ಹಾಸಿ, ಅದರ ಮೇಲೆ ಮೀನು, ಮತ್ತೊಂದು ಎಲೆ ಸಡಿಲವಾಗಿ ಹೊದಿಸಿ ಬೋಗುಣಿ ಮುಚ್ಚಿದೆವು. ಕೊನೆಯ ಐದು ನಿಮಿಷ ಮೇಲಿನ ಎಲೆ ತೆಗೆದರೆ ಮಸಾಲೆಗೆ ಹೊಗೆ ಹಿಡಿಯುತ್ತದೆ. ವಂಜರಂಗೆ ಇಪ್ಪತ್ತು ನಿಮಿಷ, ಬಂಗುಡೆಗೆ ಹದಿನೈದು.

ಮೊದಲ ಬಂಗುಡೆಯನ್ನು ಮಗಳು ತಾನೇ ಎತ್ತಿಕೊಂಡಳು. ಮುಳ್ಳು ಬಿಡಿಸುವುದು ಮರೆತೇಹೋಗಿತ್ತು. ಅತ್ತೆಯವರು ಅವಳ ತಟ್ಟೆ ತಮ್ಮ ಹತ್ತಿರ ಎಳೆದುಕೊಂಡು, ಆರನೆಯ ಕ್ಲಾಸಿನವಳಿಗೆ ಬಿಡಿಸಿಕೊಟ್ಟ ಹಾಗೆಯೇ ಬಿಡಿಸಿಕೊಟ್ಟರು. ಇಬ್ಬರೂ ಏನೂ ಮಾತಾಡಲಿಲ್ಲ. ನಾನು ಅಂದು ರಾತ್ರಿ ಪಾತ್ರೆ ತೊಳೆಯುವಾಗ, "ಅವತ್ತು ನಾನು ಹಾಗೆ ಹೇಳಬಾರದಿತ್ತು ಅತ್ತೆ" ಎಂದೆ. ಅವರು, "ಬೋಗುಣಿ ಸಮಾ ತಿಕ್ಕ್, ಮಸಿ ಹಾಂಗೇ ಇತ್ತ್" ಎಂದರು.

ಕೆಲವು ಎಚ್ಚರಿಕೆಯ ಮಾತು. ಇದ್ದಿಲ ಸಿಗಡಿಯನ್ನು ಎಂದೂ ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ತಾರಸಿಗೂ ಅಪಾರ್ಟ್‌ಮೆಂಟಿನವರ ಒಪ್ಪಿಗೆ ಕೇಳಿ, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ಹಲಗೆಯನ್ನು ಇಕ್ಕಳದಿಂದ ಎತ್ತಿ ಕಬ್ಬಿಣದ ತಟ್ಟೆಯ ಮೇಲಿಡಿ, ಅದರ ಬೆನ್ನಿನ ಕೆಂಡ ಹತ್ತು ನಿಮಿಷವಾದರೂ ಆರುವುದಿಲ್ಲ. ನಮ್ಮ ಪ್ಲಾಸ್ಟಿಕ್ ಮೇಜಿಗೆ ಈಗೊಂದು ತೂತಿದೆ.

ಇನ್ನು ಸಸ್ಯಾಹಾರಿಗಳಿಗೆ ಕೊಟ್ಟ ಮಾತು. ಅನಾನಸ್ಸಿನ ದಪ್ಪ ಬಿಲ್ಲೆಗೆ ಬೆಲ್ಲ, ಕಾಳುಮೆಣಸು ಸವರಿ ಹಲಗೆಯ ಮೇಲೆ ಹತ್ತು ನಿಮಿಷ ಇಡಿ. ಪನೀರು ಕಾಲು ಗಂಟೆ. ಬದನೆಯನ್ನು ಸೀಳಿ ಎಣ್ಣೆಗಾಯಿ ಮಸಾಲೆ ತುಂಬಿ ಅರ್ಧ ಗಂಟೆ ಬಿಡಿ. ನಾನು ಮೊದಲು ಮಾಡಿದ್ದು ಇದನ್ನೇ. ಬೋಗುಣಿ ತೆಗೆದಾಗ ಬಂದ ಹೊಗೆಗೆ ನನಗೆ ನೆನಪಾದದ್ದು ನಮ್ಮ ಹೊಲದ ಸೀತನಿ. ಚಳಿಗಾಲದಲ್ಲಿ ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲೇ ಉಜ್ಜಿ, ಊದಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಮುಖವೆಲ್ಲ ಮಸಿ. ಇದನ್ನು ಹೇಳಿದರೆ ಮಗಳು ಕೇಳಿದ್ದು: "ಅಮ್ಮಾ, ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಬರುವ ಚಳಿಗಾಲಕ್ಕೆ ರಾಯಚೂರಿಗೆ ಟಿಕೆಟ್ ತೆಗೆಯಬೇಕಂತೆ.

ಹುಣಸೆಯ ಹಲಗೆ ಇನ್ನೂ ಎರಡು ಉಳಿದಿವೆ. ನಿಮ್ಮಲ್ಲಿ ಯಾರಿಗಾದರೂ ಮಾಡಿ ನೋಡುವ ಮನಸ್ಸಿದ್ದರೆ ಭಾನುವಾರ ಬೆಳಿಗ್ಗೆ ಹನ್ನೊಂದರ ಮೇಲೆ ನಮ್ಮ ಮನೆಗೆ ಬನ್ನಿ. ಹಲಗೆ ಹಿಂದಿನ ರಾತ್ರಿಯೇ ನೆನೆಯಬೇಕಾದ್ದರಿಂದ ಶನಿವಾರವೇ ತಿಳಿಸಿ. ಮೀನು ನೀವೇ ತರಬೇಕು, ಕಿವಿರು ಕೆಂಪಗಿರಲಿ. ಅತ್ತೆಯವರು ಬಾ ಎನ್ನುವ ಮೊದಲು ಅದನ್ನೇ ನೋಡುತ್ತಾರೆ.